ಪೆಟ್ಟು ತಿಂದವರೇ ಎಣಿಸಬೇಕು

ಹನ್ನೊಂದು ವರ್ಷಗಳ ಹಿಂದೆ, ಸೊಂಟದಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ಏಳು ವರ್ಷದ ಮಗಳಿಗೆ ಕುರ್ಚಿ ಅಕ್ಕ ಒಂದು ಮಾತು ಕೊಟ್ಟಿದ್ದಳು. ಅಂಗಡಿಯ ಹಿಂದಿನ ಕೋಣೆಯಲ್ಲಿ ಸೋಫಾಕ್ಕೆ ಹಾಕುವ ಫೋಮಿನ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ, ಮಗಳ ಹಾಸಿಗೆಯ ಸುತ್ತ ಗೋಡೆ ಎಬ್ಬಿಸಿ, ಅದಕ್ಕೊಂದು ಬಾಗಿಲು ಬಿಟ್ಟು, ಬಟ್ಟೆ ಅಳೆಯುವ ಗಜಕೋಲು ಹಿಡಿದು ಆ ಬಾಗಿಲಲ್ಲಿ ನಿಂತು ಅವಳು ಹೇಳಿದ್ದು ಇಷ್ಟು: “ನೀನು ರಾಣಿ. ನಾನು ಬಾಗಿಲು ಕಾಯೋಳು. ಹೊತ್ತು ಮುಳುಗೋವರೆಗೂ ಈ ಬಾಗಿಲು ತೆಗೆಯಲ್ಲ, ಯಾರೇ ಬರ್ಲಿ. ಮುಂದೆ ನೀನು ದೊಡ್ಡೋಳಾಗಿ ನಿಜವಾದ ಕೋಟೆ ಕಟ್ಟಿಸಿದ್ರೂ ಅಷ್ಟೇ. ಅಲ್ಲೂ ನಾನೇ ನಿಲ್ತೀನಿ.”

ಮಗಳು ಬರೀ ಮಾತಿಗೆ ಒಪ್ಪದೆ ಆಣೆ ಮಾಡಿಸಿಕೊಂಡಳು. ಗಜಕೋಲಿನ ಮೇಲೆ ಅಂಗೈಯಿಟ್ಟು ತಾಯಿ ಆಣೆ ಮಾಡಿದಳು. ಮಕ್ಕಳಿಗೆ ಕೊಟ್ಟ ಮಾತು ನೀರಿನ ಮೇಲಿನ ಬರಹ ಎಂದು ದೊಡ್ಡವರು ತಿಳಿದಿರುತ್ತಾರೆ. ಮಕ್ಕಳು ಅದನ್ನು ಕಲ್ಲಿನಲ್ಲಿ ಕೊರೆದು ಇಟ್ಟುಕೊಂಡಿರುತ್ತಾರೆ.

ಕುರ್ಚಿ ಅಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಅಪ್ಪ ಬಿಟ್ಟುಹೋದ ಸೋಫಾ ರಿಪೇರಿ ಅಂಗಡಿಯನ್ನು ಅವಳೂ ಅವಳ ಅಣ್ಣನೂ ನಡೆಸುತ್ತಿದ್ದರು. ನಡೆಸುತ್ತಿದ್ದರು ಎಂದರೆ, ಅಣ್ಣ ಮುಂದಿನ ಕೋಣೆಯಲ್ಲಿ ಕೂತು ಗಿರಾಕಿಗಳ ಹತ್ತಿರ ಮಾತಾಡುತ್ತಿದ್ದ. ಅವಳು ಹಿಂದಿನ ಕೋಣೆಯಲ್ಲಿ ಮಂಡಿಯೂರಿ ಹಳೆಯ ರೆಕ್ಸಿನ್ ಕಿತ್ತು, ಸಡಿಲಾದ ಪಟ್ಟಿ ಬಿಗಿದು, ಫೋಮು ಕೊಯ್ದು, ಹೊಸ ಬಟ್ಟೆ ಎಳೆದು, ಸ್ಟೇಪ್ಲರ್ ಗನ್ನಿನಿಂದ ಟಕ್ ಟಕ್ ಎಂದು ಪಿನ್ನು ಹೊಡೆಯುತ್ತಿದ್ದಳು. ಊರವರೆಲ್ಲ ಸುಖವಾಗಿ ಕೂರಲಿ ಎಂದು ಇಪ್ಪತ್ತೈದು ವರ್ಷ ದುಡಿದವಳಿಗೆ ತಾನು ಕೂರುವುದಕ್ಕೆ ಮಾತ್ರ ಪುರುಸೊತ್ತು ಸಿಕ್ಕಿರಲಿಲ್ಲ. ಮಂಡಿಗಳು ಒಂಟೆಯ ಮಂಡಿಗಳ ಹಾಗೆ ಜಡ್ಡುಗಟ್ಟಿದ್ದವು. ಗಂಡನೆಂಬುವನು ಮಗಳಿಗೆ ಎರಡು ವರ್ಷವಾದಾಗ ಕೆಲಸ ಹುಡುಕಿಕೊಂಡು ಬರುತ್ತೇನೆಂದು ಹೋಗಿದ್ದ. ಕೇಳಿದವರಿಗೆ ಅವಳು, ಇನ್ನೂ ಹುಡುಕುತ್ತಿರಬೇಕು ಪಾಪ, ಎನ್ನುತ್ತಿದ್ದಳು.

ಮಗಳ ಕಾಲು ಮುರಿದದ್ದು ಅಂಗಡಿಯ ಮುಂದೆಯೇ. ಸೋಫಾ ಇಳಿಸಲು ಬಂದ ವ್ಯಾನು ಹಿಂದಕ್ಕೆ ಸರಿದಿತ್ತು. ಆ ಗಳಿಗೆಯಲ್ಲಿ ತಾಯಿ ಬಾಯಲ್ಲಿ ಮೊಳೆ ಕಚ್ಚಿಕೊಂಡು ಒಳಗೆ ಬಗ್ಗಿದ್ದಳು. ಅಂಗಡಿಯ ಬಾಗಿಲು ತೆರೆದಿತ್ತು. ಮೂಳೆ ಕೂಡಿಕೊಂಡಿತು, ಆದರೆ ಎಡಗಾಲು ಎರಡು ಬೆರಳಿನಷ್ಟು ಗಿಡ್ಡವಾಯಿತು. ಅಂದಿನಿಂದ ಮಗಳ ಎಡಗಾಲಿನ ಬೂಟಿಗೆ ಗಟ್ಟಿ ರಬ್ಬರಿನ ಅಟ್ಟೆಯನ್ನು ಅವಳೇ ಕೊಯ್ದು ಅಂಟಿಸುತ್ತಿದ್ದಳು. ಮತ್ತು ಎಣಿಸುತ್ತಿದ್ದಳು. ಪ್ಲಾಸ್ಟರ್ ಬಿಚ್ಚಿದ ದಿನದಿಂದ ಮಗಳು ಎಷ್ಟು ಸಲ ಬಿದ್ದಳೆಂಬುದು ತಾಯಿಯ ನಾಲಿಗೆಯ ತುದಿಯಲ್ಲಿತ್ತು: ಮೂವತ್ತೊಂದು. ಬಚ್ಚಲಲ್ಲಿ ನಾಲ್ಕು, ಶಾಲೆಯ ಮೆಟ್ಟಿಲಲ್ಲಿ ಒಂಬತ್ತು, ಬಸ್ಸು ಇಳಿಯುವಾಗ ಆರು, ಹೀಗೆ. ಬಿದ್ದವಳಿಗೇ ಮರೆತುಹೋದದ್ದೂ ಇವಳಿಗೆ ನೆನಪಿತ್ತು.

ಈಗ ಮಗಳಿಗೆ ಹದಿನೆಂಟು. ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜುವ ಕೆಲಸ, ಎಂಟು ಗಂಟೆ ಸ್ಟೂಲಿನ ಮೇಲೆ. ಕೂತು ಮಾಡುವ ಕೆಲಸ ಸಿಕ್ಕಿತಲ್ಲ ಎಂದು ತಾಯಿಗೆ ನೆಮ್ಮದಿ. ಒಂದು ದಿನ ಊಟದ ಹೊತ್ತಿಗೆ ಬಂದವಳು ಮಡಚಿದ ಕಾಗದವೊಂದನ್ನು ತಾಯಿಯ ಕತ್ತರಿಯ ಪಕ್ಕದಲ್ಲಿ ಇಟ್ಟಳು. ಊರಾಚೆ ಮುಚ್ಚಿಹೋದ ಇಟ್ಟಿಗೆ ಕಾರ್ಖಾನೆಯಲ್ಲಿ ಭಾನುವಾರ ಭಾನುವಾರ ಒಂದು ಗುಂಪು ಸೇರುತ್ತದಂತೆ. ಲಾರ್ಪ್ ಅಂತಾರಂತೆ. ರಾಜ್ಯ, ಕೋಟೆ, ಮಾಟಗಾತಿ, ದಳಪತಿ, ಎಲ್ಲ ಇರುತ್ತದೆ. ಕತ್ತಿಯೂ ಇರುತ್ತದೆ, ಆದರೆ ಮೆತ್ತನೆಯ ಕತ್ತಿ. ನಾಟಕವೇ ಎಂದರೆ ಅಲ್ಲ, ನೋಡಲು ಯಾರೂ ಬರುವುದಿಲ್ಲ. ಹೇಳಿಕೊಟ್ಟ ಮಾತೂ ಇಲ್ಲ. ಬೆಳಿಗ್ಗೆಯಿಂದ ಹೊತ್ತು ಮುಳುಗುವವರೆಗೆ ಒಬ್ಬರು ಇನ್ನೊಬ್ಬರಾಗಿ ಬದುಕುವುದು, ಅಷ್ಟೆ.

“ನಾನು ಹೋಗ್ತೀನಿ,” ಅಂದಳು ಮಗಳು. “ನೀನು ಬರ್ತೀಯಾ? ಆಣೆ ಮಾಡಿದ್ದೆ.”

ಅಣ್ಣ ಮುಂದಿನ ಕೋಣೆಯಿಂದಲೇ ನಕ್ಕ. ಗಾಳಿ ಗುದ್ದಿ ಮೈ ನೋಯಿಸಿಕೊಳ್ಳೋದು ಅಂತ ಗಾದೆ ಕೇಳಿದ್ದೆ, ಅದಕ್ಕೂ ಸಂಘ ಕಟ್ಟಿದ್ದಾರಾ ಎಂದ. ಮೊದಲನೆಯ ಭಾನುವಾರ ತಾಯಿ ಹೋದದ್ದು, ನಿಜ ಹೇಳಬೇಕೆಂದರೆ, ಮಗಳನ್ನು ಹಿಂದಕ್ಕೆ ಕರೆದುಕೊಂಡು ಬರುವುದಕ್ಕೆ.

ಕಾರ್ಖಾನೆಯ ಅಂಗಳದ ತುಂಬ ಒಡೆದ ಇಟ್ಟಿಗೆ. ಅರ್ಧ ಬಿದ್ದ ಎತ್ತರದ ಗೋಡೆ, ಅದರಲ್ಲೊಂದು ಕಮಾನು, ಕಮಾನಿಗೆ ಹಳೆಯ ಹಲಗೆಗಳನ್ನು ಜೋಡಿಸಿ ಮಾಡಿದ ಬಾಗಿಲು ಮತ್ತು ತೋಳಿನಷ್ಟು ದಪ್ಪದ ಅಗಳಿ. ಇಪ್ಪತ್ತು ಮೂವತ್ತು ಜನ ಇದ್ದರು, ಹೆಚ್ಚಿನವರು ಮಗಳಿಗಿಂತ ಐದಾರು ವರ್ಷ ದೊಡ್ಡವರು. ಗುಂಪಿನ ಮುಖಂಡ ವಾರವಿಡೀ ಲಿಫ್ಟ್ ರಿಪೇರಿ ಮಾಡುವವನು. ಎದೆಯವರೆಗೆ ಇಳಿದ ಗಡ್ಡದಿಂದಾಗಿ ಎಲ್ಲರೂ ಅವನನ್ನು ಗಡ್ಡ ಎಂದೇ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ. ಆಟ ನಡೆಸುವವಳು ಒಬ್ಬ ಗಣಿತದ ಟೀಚರು, ಕೊರಳಲ್ಲಿ ಸೀಟಿ. ನಿಯಮ ಹೇಳಿಕೊಟ್ಟವಳು ಅವಳೇ. ತಲೆಗೆ ಹೊಡೆಯುವ ಹಾಗಿಲ್ಲ. ಒಬ್ಬೊಬ್ಬರಿಗೆ ಮೂರು ಪೆಟ್ಟು. ಮೂರನೆಯದು ಬಿದ್ದರೆ ಸತ್ತ ಲೆಕ್ಕ, ಎದೆಯ ಮೇಲೆ ಕೈಯಿಟ್ಟು ಮಲಗಬೇಕು.

ಹಾಗಾದರೆ ಯಾರಿಗೆ ಎಷ್ಟು ಬಿತ್ತೆಂದು ನೀವೇ ಎಣಿಸುತ್ತೀರಾ ಎಂದು ಕುರ್ಚಿ ಅಕ್ಕ ಕೇಳಿದಳು.

“ನಾನ್ಯಾಕೆ ಎಣಿಸ್ಲಿ? ವಾರವೆಲ್ಲ ಬೇರೆಯವರ ತಪ್ಪು ಎಣಿಸಿ ಸಾಕಾಗಿದೆ,” ಅಂದಳು ಟೀಚರು. “ಇಲ್ಲಿ ಒಂದೇ ಕಾನೂನು. ಪೆಟ್ಟು ತಿಂದವರೇ ಎಣಿಸ್ಬೇಕು, ಬಾಯಿಬಿಟ್ಟು ಹೇಳ್ಬೇಕು. ಹೊಡೆದವನು ಎಣಿಸೋ ಹಾಗಿಲ್ಲ, ಪಕ್ಕದವನೂ ಎಣಿಸೋ ಹಾಗಿಲ್ಲ.”

ಸುಳ್ಳು ಹೇಳಿದರೆ? ಹೇಳಬಹುದು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರು ಆಗಾಗ ಬರುತ್ತಾರೆ, ಎರಡು ವಾರದಲ್ಲಿ ಅವರಿಗೇ ನಾಚಿಕೆಯಾಗಿ ಬಿಡುತ್ತಾರೆ ಎಂದು ಗಡ್ಡ ಹೇಳಿದ. ತನ್ನ ಗಡ್ಡವಂತೂ ಪ್ರತಿ ಭಾನುವಾರವೂ ಮಣ್ಣಾಗುತ್ತದೆಂದು ಕೊಡವಿ ತೋರಿಸಿದ.

ಪಾತ್ರ ಹಂಚುವಾಗ ಮಗಳು ಬೇಟೆಗಾರ್ತಿಯ ಚೀಟಿಗೆ ಕೈ ಚಾಚಿದಳು. ಗಡ್ಡ ಅವಳ ಬೂಟು ನೋಡಿದ. ನೋಡಿ, ಬೇರೆ ಚೀಟಿ ಕೊಟ್ಟ. ರಾಣಿ. ಕೋಟೆಯ ರಾಣಿಯ ಪಾತ್ರ ದೊಡ್ಡದು, ಗೌರವದ್ದು, ಓಡಬೇಕಾಗಿಯೂ ಇಲ್ಲ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಮಗಳು ಚೀಟಿಯನ್ನು ಎರಡು ಸಲ ಮಡಚಿ ಜೇಬಿಗೆ ಹಾಕಿಕೊಂಡಳು. ಮುಖದಲ್ಲಿ ಏನೂ ತೋರಿಸಲಿಲ್ಲ. ಏನೂ ತೋರಿಸದಿದ್ದಾಗ ಅವಳಿಗೆ ಕೋಪ ಬಂದಿದೆ ಎಂದರ್ಥ. ಅದು ತಾಯಿಗೆ ಗೊತ್ತಿತ್ತು. ಗೊತ್ತಿದ್ದೂ, ಓಡಬೇಕಾಗಿಲ್ಲ ಎಂಬ ಮಾತು ಕಿವಿಗೆ ಬಿದ್ದೊಡನೆ ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಹಿಂದಕ್ಕೆ ಕರೆದೊಯ್ಯುವ ಯೋಚನೆಯನ್ನು ಅಲ್ಲೇ ಬಿಟ್ಟಳು.

ಅವಳ ಸರದಿ ಬಂದಾಗ ಗಡ್ಡ, ಅಮ್ಮ, ನಿಮಗೆ ಛತ್ರದ ಅಡುಗೆ ಅಜ್ಜಿ, ಎಂದ.

“ಅಡುಗೆ ನಮ್ಮನೇಲೇ ಇದೆಯಪ್ಪ. ಅದಕ್ಕೆ ಎರಡು ಬಸ್ಸು ಬದಲಾಯಿಸಿ ಬರಬೇಕಿತ್ತಾ? ಆ ಬಾಗಿಲು ಯಾರು ಕಾಯೋದು?”

ಬಾಗಿಲಿಗೆ ಗಟ್ಟಿಮುಟ್ಟಾದವರು ಬೇಕಾಗುತ್ತದೆ ಎಂದು ಗಡ್ಡ ರಾಗ ಎಳೆದ.

“ಮೂರು ಜನ ಕೂರೋ ಸೋಫಾನ ಬೆನ್ನ ಮೇಲೆ ಹೊತ್ತು ನಾಲ್ಕನೇ ಮಹಡಿಗೆ ಹತ್ತಿಸ್ತೀನಿ ನಾನು. ಯಾಕೆ ಗೊತ್ತಾ? ನೀವು ಲಿಫ್ಟ್ ರಿಪೇರಿಗೆ ಬರೋದೇ ಇಲ್ಲ.”

ನಗು ಎದ್ದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಗಡ್ಡನೇ. ಬಾಗಿಲು ಅವಳದಾಯಿತು.

ನಾಲ್ಕು ವಾರ ಅಭ್ಯಾಸ, ಐದನೆಯ ಭಾನುವಾರ ಕೋಟೆಯ ಆಟ ಎಂದು ಗೊತ್ತಾಯಿತು. ಹೊತ್ತು ಮುಳುಗುವವರೆಗೆ ಬಾಗಿಲು ತೆರೆಯದಿದ್ದರೆ ರಾಣಿಯ ಕಡೆಗೆ ಗೆಲುವು. ನಿಯಮ ಓದಿದಾಗ ತಾಯಿ ಮಗಳು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹನ್ನೊಂದು ವರ್ಷದ ಹಿಂದಿನ ಮಾತನ್ನು ಯಾರೋ ಕದ್ದು ಕೇಳಿ ಬರೆದ ಹಾಗಿತ್ತು.

ಅಭ್ಯಾಸದ ಮೊದಲ ದಿನವೇ ಕುರ್ಚಿ ಅಕ್ಕ ಅಲ್ಲಿನ ಕತ್ತಿ ಗುರಾಣಿಗಳನ್ನು ಮುಟ್ಟಿ ನೋಡಿ ಮೂಗು ಮುರಿದಿದ್ದಳು. ಒಂದರ ಫೋಮು ಪುಡಿಯಾಗುತ್ತಿತ್ತು, ಇನ್ನೊಂದರ ಅಂಟು ಬಿಟ್ಟಿತ್ತು. ತನ್ನ ಗುರಾಣಿಯನ್ನು ತಾನೇ ಮಾಡಿಕೊಂಡಳು. ಒಳಗೆ ಹಗುರವಾದ ಪೈಪು, ಅದರ ಮೇಲೆ ಗಟ್ಟಿ ಫೋಮು, ಅದರ ಮೇಲೆ ಕೆನ್ನೆಯಷ್ಟು ಮೆತ್ತನೆಯ ಇನ್ನೊಂದು ಪದರ, ಮೇಲೆ ಸಿನಿಮಾ ಮಂದಿರದ ಸೀಟುಗಳಿಗೆ ಹಾಕಿ ಉಳಿದ ಕಡುಗೆಂಪು ರೆಕ್ಸಿನ್. ನಡುವೆ ದಿಂಬಿನ ಗುಂಡಿಯೊಂದನ್ನು ಒತ್ತಿ ಕೂರಿಸಿದಳು. ಆಟದ ಹಿಂದಿನ ಸಂಜೆ ಅದನ್ನು ಮುಗಿಸಿ ಗೋಡೆಗೆ ಒರಗಿಸಿದಾಗ ಅಣ್ಣ ಬಾಗಿಲಲ್ಲಿ ನಿಂತಿದ್ದ.

ಆ ಐದನೆಯ ಭಾನುವಾರಕ್ಕೇ ಅವನು ಒಂದು ಆಸ್ಪತ್ರೆಗೆ ನಲವತ್ತು ಕುರ್ಚಿ ಕೊಡುತ್ತೇನೆಂದು ಒಪ್ಪಿಬಿಟ್ಟಿದ್ದ. ನಲವತ್ತಾರು ವರ್ಷಕ್ಕೆ ಕತ್ತಿ ಹಿಡಿದು ಕುಣಿಯುವ ಹುಚ್ಚೇನು ಎಂದು ಶುರುಮಾಡಿ, ಅಪ್ಪನ ಹೆಸರು, ಅಂಗಡಿಯ ಮರ್ಯಾದೆ, ಬೀದಿಯವರ ಬಾಯಿ ಎಲ್ಲವನ್ನೂ ಒಂದು ಸುತ್ತು ಹಾಕಿ ಬಂದ.

“ಕುಣಿಯೋಕಲ್ಲ ಅಣ್ಣ, ನಿಲ್ಲೋಕೆ ಹೋಗ್ತಿದ್ದೀನಿ. ಇಪ್ಪತ್ತೈದು ವರ್ಷ ಮಂಡಿಯೂರಿದ್ದಾಯ್ತು. ಮೂವತ್ತೆಂಟು ಕುರ್ಚಿ ಮುಗಿಸಿ ಇಟ್ಟಿದ್ದೀನಿ. ಉಳಿದ ಎರಡು ನೀನು ಮಾಡು. ಗನ್ನು ಆ ಮೊಳೆಗೆ ನೇತುಹಾಕಿದೆ, ನೆನಪಿದೆಯಲ್ಲ, ಯಾವ ಕಡೆಯಿಂದ ಪಿನ್ನು ಬರುತ್ತೆ ಅಂತ?”

ಹತ್ತು ವರ್ಷದಿಂದ ಗನ್ನು ಮುಟ್ಟದ ಅಣ್ಣ ಆ ಮೊಳೆಯ ಕಡೆ ಒಮ್ಮೆ ನೋಡಿದ. ಬೇರೆ ಕಡೆಯಿಂದ ಬಂದ. ನಿನ್ನ ಹಣೆಬರಹ ಹಾಳಾಗಲಿ, ಆ ಹುಡುಗಿಯನ್ನು ಯಾಕೆ ಎಳೆದುಕೊಂಡು ಹೋಗುತ್ತೀಯ, ಆ ಇಟ್ಟಿಗೆ ರಾಶಿಯಲ್ಲಿ ಅವಳು ಬಿದ್ದರೆ ಯಾರು ಎತ್ತುತ್ತಾರೆ ಎಂದ. ಅದುವರೆಗೆ ಒಂದಕ್ಕೆರಡು ಕೊಡುತ್ತಿದ್ದವಳ ಬಾಯಿ ಕಟ್ಟಿತು. ಏಕೆಂದರೆ ಅದು ಅವಳದೇ ಭಯ. ಗುರಾಣಿಯ ಗುಂಡಿಯನ್ನು ಇನ್ನೊಮ್ಮೆ ಒತ್ತಿ, “ಅವಳು ಕೂತಿರ್ತಾಳೆ. ರಾಣಿ ಅವಳು,” ಅಂದಳು.

ಕನ್ನಡಕದ ಅಂಗಡಿಯಿಂದ ಆಗತಾನೇ ಬಂದ ಮಗಳು ಬಾಗಿಲ ಬಳಿ ಬೂಟು ಕಳಚುತ್ತಿದ್ದಳು. ಕೇಳಿಸಿಕೊಂಡಳು. ಮುಖದಲ್ಲಿ ಏನೂ ತೋರಿಸಲಿಲ್ಲ.

ಆಟದ ದಿನ ಬೆಳಿಗ್ಗೆ ಒಂದು ಎಡವಟ್ಟಾಯಿತು. ಆಯುಧಗಳನ್ನು ಟೀಚರು ಒಂದೊಂದಾಗಿ ಪರೀಕ್ಷೆ ಮಾಡುತ್ತಿದ್ದಳು. ಮಾಡಿದವರ ಬೆನ್ನಿಗೇ ಅದರಿಂದ ಮೂರು ಏಟು ಹಾಕಿ, ನೋವಾಗಲಿಲ್ಲ ಎಂದರೆ ಪಾಸು. ಕುರ್ಚಿ ಅಕ್ಕನ ಗುರಾಣಿಯನ್ನು ಕೈಗೆತ್ತಿಕೊಂಡವಳು ಅಂಚಿನ ಮೇಲೆ ಬೆರಳಾಡಿಸಿ ನಿಂತುಬಿಟ್ಟಳು. ಅಂಚಿನ ಸುತ್ತ, ರೆಕ್ಸಿನ್ನಿನ ಮಡಿಕೆಯ ಒಳಗೆ, ಸಾಲಾಗಿ ಕಬ್ಬಿಣದ ಪಿನ್ನು. ಇಲ್ಲಿ ಮೂಗುತಿಯನ್ನೂ ಬಿಚ್ಚಿಸುತ್ತಾರೆ, ಬೆಲ್ಟಿನ ಬಕಲಿಗೂ ಬಟ್ಟೆ ಸುತ್ತಿಸುತ್ತಾರೆ; ಪಿನ್ನು ಹೊಡೆದ ಗುರಾಣಿ ಇದುವರೆಗೆ ಬಂದಿರಲಿಲ್ಲ. ಬೇರೆ ಯಾರೇ ಆಗಿದ್ದರೂ ಅಂಟು ಹಾಕುತ್ತಿದ್ದರು. ಇವಳ ಕೈಗೆ ಬಟ್ಟೆಯ ಅಂಚು ಸಿಕ್ಕಿದರೆ ಸಾಕು, ಗನ್ನು ತಾನಾಗಿ ಟಕ್ ಎನ್ನುತ್ತಿತ್ತು. ಹೊಡೆದದ್ದೇ ಅವಳಿಗೆ ನೆನಪಿರಲಿಲ್ಲ.

ಇದಿಲ್ಲದೆ ಬಾಗಿಲು ಕಾಯುವುದು ಕಷ್ಟ, ಇವತ್ತಿನ ಮಟ್ಟಿಗೆ ಅಡುಗೆ ಅಜ್ಜಿಯಾದರೂ ಪರವಾಗಿಲ್ಲ ಎಂದು ಗಡ್ಡ ಸಮಾಧಾನ ಹೇಳಿದ. ಆಟ ಶುರುವಾಗಲು ಎಷ್ಟು ಹೊತ್ತಿದೆ ಎಂದು ಅವಳು ಕೇಳಿದಳು. ಮುಕ್ಕಾಲು ಗಂಟೆ.

ಚೀಲದಿಂದ ಪಿನ್ನು ಕೀಳುವ ಚಿಮುಟ ತೆಗೆದಳು. ಅದಿಲ್ಲದೆ ಅವಳು ಮದುವೆಮನೆಗೂ ಹೋದವಳಲ್ಲ. ಒಂದು ಇಟ್ಟಿಗೆಯ ಮೇಲೆ ಕೂತು, ಮಗಳ ಅಂಗೈಗೆ ಒಂದೊಂದೇ ಪಿನ್ನು ಕಿತ್ತು ಹಾಕಿದಳು: ನೂರ ಹನ್ನೆರಡು. ಆಮೇಲೆ ಬಾಗಿದ ದೊಡ್ಡ ಸೂಜಿ, ಮೇಣ ಹಚ್ಚಿದ ದಾರ. ಕಣ್ಣು ಮುಚ್ಚಿದರೂ ಹಾಕಬಲ್ಲ ಹೊಲಿಗೆ. ಸುತ್ತ ನಿಂತವರಲ್ಲಿ ಯಾರೋ ಒಬ್ಬಳು ನನ್ನ ಗುರಾಣಿಯನ್ನೂ ಹೀಗೆ ಹೊಲಿದು ಕೊಡುತ್ತೀರಾ ಎಂದು ಕೇಳಿದಳು. ಸೀಟಿ ಊದುವುದಕ್ಕೆ ಐದು ನಿಮಿಷ ಇರುವಾಗ ಕುರ್ಚಿ ಅಕ್ಕ ಎದ್ದು ಬೆನ್ನು ತಿರುಗಿಸಿ ನಿಂತಳು. ಟೀಚರು ಮೂರು ಏಟು ಹಾಕಿದಳು, ಮೂರನೆಯದನ್ನು ಸ್ವಲ್ಪ ಜೋರಾಗಿಯೇ.

“ನೋವಾಯ್ತಾ?”

“ಇನ್ನೊಂದೆರಡು ಹಾಕಿ. ಸೊಂಟದ ಹತ್ತಿರ. ಹಿಡ್ಕೊಂಡಿತ್ತು, ಹಾಯಾಗ್ತಿದೆ.”

ಸೀಟಿ ಕೇಳಿತು. ಅವಳು ಅಗಳಿ ಹಾಕಿ, ಬಾಗಿಲಿನ ಪಕ್ಕದ ಬಿರುಕಿನಲ್ಲಿ ನಿಂತಳು. ಒಬ್ಬರು ಮಾತ್ರ ನುಸುಳಬಹುದಾದ ಬಿರುಕು ಅದು. ಹೊರಗಿನವರು ಒಳಗೆ ಬರಬೇಕೆಂದರೆ ಅವಳನ್ನು ದಾಟಬೇಕು.

ಕೋಟೆ ಮುತ್ತಿದ ಗಡ್ಡನ ಕಡೆಯವರು ಬೆಳಿಗ್ಗೆ ಎರಡು ಸಲ, ಮಧ್ಯಾಹ್ನ ಮೂರು ಸಲ, ಸಂಜೆ ನಾಲ್ಕು ಸಲ ನುಗ್ಗಿದರು. ಕುರ್ಚಿ ಅಕ್ಕನಿಗೆ ಕತ್ತಿವರಸೆ ಅಷ್ಟಕ್ಕಷ್ಟೆ. ಆದರೆ ನಿಲ್ಲುವುದು ಗೊತ್ತಿತ್ತು. ಕಿರಿದಾದ ಮೆಟ್ಟಿಲಿನ ತಿರುವಿನಲ್ಲಿ ಸೋಫಾಕ್ಕೆ ಭುಜ ಕೊಟ್ಟು, ಮೇಲಿನವನು ಸರಿಯಾಗಿ ಹಿಡಿಯುವವರೆಗೆ ಉಸಿರು ಬಿಗಿಹಿಡಿದು ನಿಲ್ಲುತ್ತಾಳಲ್ಲ, ಹಾಗೆಯೇ ನಿಂತಳು. ಇಪ್ಪತ್ತು ವರ್ಷದ ಹುಡುಗರು ಕಡುಗೆಂಪು ಗುರಾಣಿಗೆ ಡಿಕ್ಕಿ ಹೊಡೆದು, ಹಳೆಯ ಸಿನಿಮಾ ಸೀಟಿಗೆ ಬಿದ್ದವರಂತೆ ಹಿಂದಕ್ಕೆ ಪುಟಿದರು. ಮಧ್ಯಾಹ್ನ ತೋಳಿಗೆ ಮೊದಲ ಪೆಟ್ಟು ಬಿತ್ತು. ಬಾಯಿಬಿಟ್ಟು ಹೇಳಬೇಕಿತ್ತು, ಅವಳಿಗೆ ತಕ್ಷಣ ಮಾತು ಹೊರಡಲಿಲ್ಲ. ಇಷ್ಟು ವರ್ಷದಲ್ಲಿ ತನಗೆ ಬಿದ್ದದ್ದನ್ನು ಅವಳು ಎಣಿಸಿದ್ದೇ ಇಲ್ಲ. “ಒಂದು,” ಅಂದಳು ಕೊನೆಗೆ. ವಿಚಿತ್ರವಾಗಿ ಹಿತವೆನಿಸಿತು. ಸಂಜೆಯ ಹೊತ್ತಿಗೆ ಮೊಣಕಾಲಿಗೆ ಇನ್ನೊಂದು. “ಎರಡು,” ಎಂದು ಇಡೀ ಕಾರ್ಖಾನೆಗೆ ಕೇಳುವ ಹಾಗೆ ಹೇಳಿದಳು.

ಮಗಳು ಒಳಗೆ, ಗೋಣಿಚೀಲ ಹೊದಿಸಿದ ಪೆಟ್ಟಿಗೆಯೊಂದರ ಮೇಲೆ, ತಗಡಿನ ಕಿರೀಟ ಇಟ್ಟುಕೊಂಡು ಕೂತಿದ್ದಳು. ಪ್ರತಿ ಸಲ ಗದ್ದಲ ಎದ್ದಾಗಲೂ ಕತ್ತಿ ಹಿಡಿದು ಎದ್ದು ನಿಲ್ಲುತ್ತಿದ್ದಳು. ಪ್ರತಿ ಸಲವೂ ತಾಯಿ ತಿರುಗಿ ನೋಡದೆಯೇ, ಬೂಟಿನ ಸದ್ದು ಕೇಳಿಯೇ, “ಕೂತ್ಕೋ,” ಎನ್ನುತ್ತಿದ್ದಳು.

ಬಿಸಿಲು ಗೋಡೆಯ ತುದಿಗೆ ಹತ್ತಿತು. ಒಳಗಿನವರು ಆಗಲೇ ಗೆದ್ದ ಮುಖ ಮಾಡಿಕೊಂಡಿದ್ದರು. ಆಗ ಗಡ್ಡನ ದನಿ ಕೇಳಿತು. ಹೊರಗಿನ ಬಾವಿಯಿಂದ ನೀರು ತರಲು ಹಿಂದಿನ ಗೋಡೆಯಿಂದ ಹಗ್ಗ ಹಿಡಿದು ಇಳಿದು ಹೋಗಿದ್ದ ರಾಣಿಯ ಇಬ್ಬರು ಆಳುಗಳು ಅವನ ಕೈಗೆ ಸಿಕ್ಕಿಬಿದ್ದಿದ್ದರು. ಅವರಿಬ್ಬರನ್ನು ಅಂಗಳದ ನಡುವೆ ಕೂರಿಸಿ ಅವನು ಕೂಗಿದ: ರಾಣಿ ಹೊರಗೆ ಬಂದು ತನ್ನೊಡನೆ ಒಬ್ಬರಿಗೊಬ್ಬರು ಕತ್ತಿ ಹಿಡಿದರೆ ಇವರನ್ನು ಬಿಡುತ್ತೇನೆ, ಬರದಿದ್ದರೆ ಹೊತ್ತು ಮುಳುಗುವ ಮೊದಲು ಇವರ ತಲೆ ಹೋಗುತ್ತದೆ.

ಒಳಗಿನವರೆಲ್ಲ ಹೋಗಬೇಡ ಎಂದರು. ಇನ್ನು ಇಪ್ಪತ್ತೇ ನಿಮಿಷ. ಬಾಗಿಲು ತೆರೆದರೆ ಸೋತ ಹಾಗೆ. ಇಬ್ಬರು ಹೋದರೆ ಹೋಗಲಿ, ಆಟದ ಸಾವು ತಾನೇ, ಮುಗಿದ ಮೇಲೆ ಎದ್ದು ಬಂದು ಊಟಕ್ಕೆ ಕೂರುತ್ತಾರೆ ಎಂದು ಒಬ್ಬ ಲೆಕ್ಕಾಚಾರ ಹೇಳಿದ.

ಬೂಟಿನ ಸದ್ದು ಕೇಳಿತು. ಒಂದು ಗಟ್ಟಿ ಹೆಜ್ಜೆ, ಒಂದು ಮೆಲು ಹೆಜ್ಜೆ.

“ಕೂತ್ಕೋ,” ಅಂದಳು ತಾಯಿ.

ಸದ್ದು ನಿಲ್ಲಲಿಲ್ಲ. ಬೆನ್ನ ಹಿಂದೆಯೇ ಬಂತು. ಕುರ್ಚಿ ಅಕ್ಕ ತಿರುಗಿ, ಗುರಾಣಿಯನ್ನು ಬಾಗಿಲಿಗೆ ಅಡ್ಡ ಹಿಡಿದಳು. ಬೆಳಿಗ್ಗೆಯಿಂದ ಹೊರಗಿನವರಿಗೆ ಹಿಡಿದ ಹಾಗೆಯೇ.

“ಅಮ್ಮ, ಅಗಳಿ ತೆಗಿ. ನಾನು ಹೊರಗೆ ಹೋಗ್ಬೇಕು.”

“ಹೊತ್ತು ಮುಳುಗೋವರೆಗೂ ತೆಗೆಯಲ್ಲ. ಆಣೆ ಮಾಡಿಸ್ಕೊಂಡೋಳು ನೀನೇ.”

“ಏಳು ವರ್ಷ ಆಗ ನನಗೆ. ಏಳೋಕೆ ಆಗ್ತಿರ್ಲಿಲ್ಲ.”

ಹೊರಗೆ ನೆಲ ಸರಿಯಿಲ್ಲ, ಇಟ್ಟಿಗೆ ಚೂರು, ಅವನು ನಿನ್ನ ಎರಡರಷ್ಟಿದ್ದಾನೆ ಎಂದು ತಾಯಿ ಹೇಳುತ್ತಾ ಹೋದಳು. ಗೆಲುವು ಕೈಯಲ್ಲಿದೆ ಎಂದಳು. ಅಟ್ಟೆ ಹೊಸದು, ಇನ್ನೂ ಪಳಗಿಲ್ಲ ಎಂದಳು. ಬಾಯಿಗೆ ಬಂದದ್ದೆಲ್ಲ ಹೇಳಿ ಮುಗಿದ ಮೇಲೆ ಒಳಗಿನದು ತಾನಾಗಿ ಹೊರಬಿತ್ತು: “ಮೂವತ್ತೊಂದು ಸಲ ಬಿದ್ದಿದ್ದೀಯ ನೀನು. ಮೂವತ್ತೊಂದು. ನನಗೆ ಗೊತ್ತು.”

ಮಗಳು ಅವಳನ್ನೇ ನೋಡಿದಳು. ಈ ಸಲ ಮುಖದಲ್ಲಿ ಎಲ್ಲವೂ ಇತ್ತು.

“ನನಗೆ ಗೊತ್ತಿರ್ಲಿಲ್ಲ, ನೀನು ಎಣಿಸ್ತಿದ್ದೀಯ ಅಂತ,” ಅಂದಳು. “ನಾನೂ ಇವತ್ತು ಎಣಿಸಿದೀನಿ. ಬೆಳಗ್ಗಿಂದ ಹತ್ತು ಸಲ ಕೂತ್ಕೋ ಅಂದೆ. ಕನ್ನಡಕದ ಅಂಗಡೀಲಿ ಕೂತಿದ್ದೀನಿ. ಮನೇಲಿ ಕೂತಿದ್ದೀನಿ. ಇಲ್ಲಿ ಅವನು ಕೂರಿಸ್ದ, ನಿನಗೆ ಖುಷಿಯಾಯ್ತು. ನಾನು ನೋಡ್ದೆ. ಬಾಗಿಲಿಗೆ ನೀನಾಗಿ ನಿಂತಿಯಲ್ಲ, ಮಾವನ ಎದುರು, ಈ ಗಡ್ಡದ ಎದುರು. ನಾನು ಯಾರ ಎದುರು ನಿಲ್ಲಲಿ? ನಿನ್ನ ಎದುರೇ ನಿಲ್ಬೇಕಾ?”

ಗುರಾಣಿ ಸರಿಯಲಿಲ್ಲ.

“ಪೆಟ್ಟು ತಿಂದವರೇ ಎಣಿಸ್ಬೇಕು ಅಮ್ಮ. ನನ್ನ ಪೆಟ್ಟು ನೀನು ಎಣಿಸ್ಬೇಡ. ನಾನು ಎಣಿಸ್ಕೋತೀನಿ.”

ಲೆಕ್ಕಾಚಾರದವನು ನಡುವೆ ಬಾಯಿ ಹಾಕಿ, ಅಕ್ಕ, ದಯವಿಟ್ಟು ಬಿಡಬೇಡಿ, ಇಡೀ ದಿನದ ಶ್ರಮ ನೀರಿಗೆ ಹೋಗುತ್ತದೆ ಎಂದ. ಕುರ್ಚಿ ಅಕ್ಕ ಅವನ ಕಡೆ ತಿರುಗಿದಳು. ಇವನ ಮಾತು ತನ್ನದೇ ಮಾತಿನ ಹಾಗೆ ಕೇಳಿಸಿತು. ಅದಕ್ಕೇ ಅವಳಿಗೆ ಸಿಟ್ಟು ಬಂದದ್ದು.

“ಶ್ರಮ ನಂದು. ನೀನು ಬೆಳಗ್ಗಿಂದ ಆ ನೆರಳು ಬಿಟ್ಟು ಬಂದಿಲ್ಲ. ಸುಮ್ಮನಿರು,” ಅಂದಳು.

ಆಮೇಲೆ ಗುರಾಣಿಯನ್ನು ಗೋಡೆಗೆ ಒರಗಿಸಿದಳು. ಬಗ್ಗಿ ಮಗಳ ಎಡಗಾಲಿನ ಬೂಟಿನ ಲೇಸು ಸರಿಯಾಗಿದೆಯೇ ಎಂದು ನೋಡಲು ಹೋದವಳು ಅರ್ಧದಲ್ಲಿ ನಿಂತು, ನೆಟ್ಟಗಾದಳು. ಲೇಸು ಮಗಳದು. ಎರಡೂ ಕೈಯಿಂದ ಅಗಳಿ ಎತ್ತಿದಳು. ಬೆಳಿಗ್ಗೆಯಿಂದ ಅಲ್ಲಾಡದ ಬಾಗಿಲು ಕಿರ್ರೆಂದು ತೆರೆದುಕೊಂಡಿತು. ಹೊರಗಿನವರು ನುಗ್ಗಬಹುದಿತ್ತು. ಯಾರೂ ನುಗ್ಗಲಿಲ್ಲ.

ಮಗಳು ಕಿರೀಟ ತೆಗೆದು ತಾಯಿಯ ಕೈಗೆ ಕೊಟ್ಟು ಇಟ್ಟಿಗೆ ಚೂರುಗಳ ಮೇಲೆ ನಡೆದುಹೋದಳು. ಒಂದು ಗಟ್ಟಿ ಹೆಜ್ಜೆ, ಒಂದು ಮೆಲು ಹೆಜ್ಜೆ. ಗಡ್ಡ ಅವಳ ಬೂಟಿನ ಕಡೆ ನೋಡಲಿಲ್ಲ. ಕತ್ತಿ ಎತ್ತಿ ಸರಿಯಾಗಿ ನಿಂತ. ಅವನು ಕೈ ತಡೆದು ಹೊಡೆಯಲೂ ಇಲ್ಲ, ಮೊದಲ ಏಟೇ ಅವಳ ಭುಜಕ್ಕೆ ಬಿತ್ತು. “ಒಂದು,” ಎಂದಿತು ಮಗಳ ದನಿ, ಜೋರಾಗಿ, ಹೆಚ್ಚುಕಡಿಮೆ ಖುಷಿಯಿಂದ. ಅವಳು ಗಿಡ್ಡ ಕಾಲಿನ ಕಡೆಗೇ ವಾಲಿ, ಯಾರೂ ನಿರೀಕ್ಷಿಸದ ಕೆಳಗಿನಿಂದ ಕತ್ತಿ ಬೀಸಿದಳು. “ಒಂದು,” ಅಂದ ಗಡ್ಡ, ಹೊಟ್ಟೆ ಹಿಡಿದುಕೊಂಡು. ಇನ್ನೊಂದು ಸಲ ಹಾಗೆಯೇ ವಾಲಿದಾಗ ಇಟ್ಟಿಗೆ ಜಾರಿತು. ಮಗಳು ಅಂಗಾತ ಬಿದ್ದಳು. ಒಳಗಿನವರು ಉಸಿರೆಳೆದುಕೊಂಡರು.

ತಾಯಿಯ ನಾಲಿಗೆ ತಾನಾಗಿ ಹೊರಳಿತು. ಮೂವತ್ತ... ಎಂದು ಶುರುವಾದದ್ದನ್ನು ಅವಳು ಹಲ್ಲು ಕಚ್ಚಿ ಅಲ್ಲೇ ನಿಲ್ಲಿಸಿದಳು. ಕಾಲು ಮುಂದಕ್ಕೆ ಹೋಗಲು ನೋಡಿತು, ಅದನ್ನೂ ನಿಲ್ಲಿಸಿದಳು. ಮೂರು ಜನ ಕೂರುವ ಸೋಫಾಕ್ಕೆ ಭುಜ ಕೊಟ್ಟು ನಿಂತಾಗ ಇಷ್ಟು ಭಾರವಾಗಿರಲಿಲ್ಲ.

ಗಡ್ಡ ಎತ್ತಲು ಕೈ ಚಾಚಿ ಬಗ್ಗಿದ. ಬಿದ್ದಲ್ಲಿಂದಲೇ ಮಗಳು ಅವನ ಮೊಣಕಾಲಿಗೆ ಒಂದು ಕೊಟ್ಟಳು. “ಎರಡು,” ಅಂದ ಅವನು, ನಗು ತಡೆಯಲಾಗದೆ. 

ಮಗಳು ಎದ್ದಳು. ಬೆನ್ನ ತುಂಬ ಕೆಂಪು ಧೂಳು. ಕೊಡವಿಕೊಳ್ಳದೆ ಮತ್ತೆ ಕತ್ತಿ ಎತ್ತಿ ನಿಂತಳು. ಕುರ್ಚಿ ಅಕ್ಕ ತೆರೆದ ಬಾಗಿಲಿನ ಹೊರಗೆ, ತಗಡಿನ ಕಿರೀಟ ಹಿಡಿದು ನಿಂತಿದ್ದಳು.

ಹೊತ್ತು ಮುಳುಗಲು ಇನ್ನೂ ಹನ್ನೆರಡು ನಿಮಿಷ ಇತ್ತು. ಅವಳು ಕೊಟ್ಟ ಮಾತು ಮುರಿದಿತ್ತು.